ಸಿಹಿ-ಖಾರದ ಕಟ್ಟಿನ ಸಾರು | ನಮ್ಮೂರ ಊಟದ ಇತಿಹಾಸ, ಭಾಗ 4

ಇಟಲಿಯ ಸಿಸಿಲಿಯೊಳಗ ಬದನೆಕಾಯಿಗೆ ವಿನೆಗರ್, ಸಕ್ಕರೆ ಎರಡೂ ಹಾಕಿ ‘ಕಪೊನಾತಾ’ ಮಾಡ್ತಾರ. ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಇದೇನು ಹೊಸದಲ್ಲ ಬಿಡ್ರಿ, ನಮ್ಮಲ್ಲಿ ಕಟ್ಟಿನ ಸಾರು ಅದ!

ಹೋಳಿಗಿಗೆ ಬ್ಯಾಳಿ ಕುದಿಸಿ ಬಸಿದ ನೀರೇ ಕಟ್ಟು. ಅದಕ್ಕ ಹುಣಸಿಹುಳಿ, ಮಸಾಲಿ ಖಾರ, ಸ್ವಲ್ಪ ಹೂರಣ. ಬ್ಯಾಳಿಯ ಸತ್ವ ಚೆಲ್ಲಬಾರದು ಅನ್ನೋ ಲೆಕ್ಕದೊಳಗ ಈ ರುಚಿ ನಿಂತದ.

ಆದರೆ ಇದರೊಳಗಿನ ಕೆಂಪು ಖಾರ ಅಷ್ಟು ಹಳೇದಲ್ಲ. ಮೂರನೇ ಮಂಗರಸ ಕನ್ನಡದಾಗ ‘ಸೂಪಶಾಸ್ತ್ರ’ ಬರೆದದ್ದು ಸುಮಾರು 1508ರಲ್ಲಿ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅಮೆರಿಕದ ಮೆಣಸಿನಕಾಯಿ ಈ ಕಡೆ ಬಂದದ್ದು ಅವರ ಹಡಗಿನಾಗ. ಅದಕ್ಕೂ ಮೊದಲು ನಮ್ಮ ಖಾರ ಅಂದ್ರ ಕರಿಮೆಣಸು, ಶುಂಠಿ.

ಅಜ್ಜಿಯರದ್ದೆಲ್ಲಾ ಕೈಅಂದಾಜು. ಈ ಯುಗಾದಿಗೆ ಪಕ್ಕದಾಗ ಕೂತು ಬರ್ಕೊಳ್ರಿ. ಅದೂ ಇತಿಹಾಸಾನೇ.