ಪೂರ್ವ ತಿಮೋರ್: ಚಾಪೆ ಹಾಸಿ ಕ್ಷಮಿಸಿದ ಪುಟ್ಟ ನಾಡು



ನವೆಂಬರ್ ತಿಂಗಳು ಬಂತೆಂದರೆ ನಾವು ನಮ್ಮ ಹಿರಿಯರ ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತೇವೆ. ಹೀಗೆ ಸಮಾಧಿಗೆ ಹೂವಿಡಲು ಹೋದವರೇ ಗುಂಡಿಗೆ ಬಲಿಯಾದ ನಾಡೊಂದಿದೆ. ಅದೇ ಪೂರ್ವ ತಿಮೋರ್. ಮೃತರನ್ನು ಸ್ಮರಿಸುವ ಈ ದಿನಗಳಲ್ಲಿ ಆ ನಾಡಿನ ಕಥೆಯನ್ನು ತಿಳಿಯೋಣ.

ಆಸ್ಟ್ರೇಲಿಯಾದ ಉತ್ತರಕ್ಕೆ ತಿಮೋರ್ ಎಂಬ ದ್ವೀಪವಿದೆ. ಅದರ ಪೂರ್ವ ಭಾಗವೇ ಈ ದೇಶ. ಸುಮಾರು 15 ಸಾವಿರ ಚದರ ಕಿಲೋಮೀಟರ್ ನೆಲ, 13 ಲಕ್ಷದಷ್ಟು ಜನ, ರಾಜಧಾನಿ ದಿಲಿ. ತನ್ನನ್ನು ಕಾಪಾಡಿದ ಹುಡುಗನಿಗಾಗಿ ಮೊಸಳೆಯೊಂದು ಸಾಯುವಾಗ ತನ್ನ ದೇಹವನ್ನೇ ನೆಲವಾಗಿ ಕೊಟ್ಟಿತೆಂಬುದು ಅಲ್ಲಿಯ ಜನಪದ ಕಥೆ. ಅದಕ್ಕೇ ಆ ಜನರು ಮೊಸಳೆಯನ್ನು 'ಅಜ್ಜ' ಎಂದು ಗೌರವಿಸುತ್ತಾರೆ.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಅಲ್ಲಿಗೆ ಸೆಳೆದದ್ದು ಶ್ರೀಗಂಧ. ಅವರ ಹಿಂದೆಯೇ ದೊಮಿನಿಕನ್ ಗುರುಗಳು ಬಂದರು. 1844ರವರೆಗೆ ತಿಮೋರ್‌ನ ಆಡಳಿತ ನಮ್ಮ ನೆರೆಯ ಗೋವಾಕ್ಕೇ ಸೇರಿತ್ತು. ಆದರೂ 1975ರ ಹೊತ್ತಿಗೆ ಕಥೋಲಿಕರಾಗಿದ್ದವರು ಜನಸಂಖ್ಯೆಯ ಮೂರನೇ ಒಂದು ಭಾಗದಷ್ಟು ಮಾತ್ರ. ಉಳಿದವರು ಪೂರ್ವಜರ ಪವಿತ್ರ ಮನೆಗಳನ್ನೇ ನಂಬಿದ್ದರು.

1975ರ ನವೆಂಬರ್ 28ರಂದು ಪೂರ್ವ ತಿಮೋರ್ ಸ್ವಾತಂತ್ರ್ಯ ಘೋಷಿಸಿತು. ಒಂಬತ್ತೇ ದಿನಗಳಲ್ಲಿ ಇಂಡೋನೇಷ್ಯಾದ ಸೇನೆ ಬಂದಿಳಿಯಿತು. ಮುಂದಿನ 24 ವರ್ಷಗಳಲ್ಲಿ ಕೊಲೆ, ಹಸಿವು, ಕಾಯಿಲೆಗಳಿಂದ ಸತ್ತವರು ಕನಿಷ್ಠ ಒಂದು ಲಕ್ಷ ಎಂದು ಸತ್ಯ ಆಯೋಗವು ಅಂದಾಜು ಮಾಡಿತು.

ಆ ಕತ್ತಲೆಯಲ್ಲೇ ಧರ್ಮಸಭೆ ಬೆಳೆಯಿತು. ಪ್ರತಿಯೊಬ್ಬರೂ ಸರ್ಕಾರ ಒಪ್ಪಿದ ಯಾವುದಾದರೊಂದು ಧರ್ಮಕ್ಕೆ ಸೇರಿರಬೇಕೆಂಬ ಇಂಡೋನೇಷ್ಯಾದ ನಿಯಮವೂ ಅದಕ್ಕೆ ಒಂದು ಕಾರಣ. ಆದರೆ ಅದೊಂದೇ ಅಲ್ಲ. ಪೋರ್ಚುಗೀಸ್ ಭಾಷೆಗೆ ತಡೆ ಬಿದ್ದಾಗ ಧರ್ಮಸಭೆ ಆಳುವವರ ಭಾಷೆಯನ್ನು ಆರಿಸಲಿಲ್ಲ, ಜನರ ತೇತುಮ್ ಭಾಷೆಯನ್ನು ಆರಿಸಿತು. 1981ರಲ್ಲಿ ರೋಮ್ ಅದಕ್ಕೆ ಒಪ್ಪಿಗೆ ನೀಡಿತು. ಲತೀನ್ ಪೂಜೆಯಿಂದ ಕನ್ನಡ ಪೂಜೆಗೆ ಬಂದ ದಿನಗಳನ್ನು ನೆನೆಯುವ ನಮ್ಮ ಹಿರಿಯರಿಗೆ ಇದರ ಅರ್ಥ ಚೆನ್ನಾಗಿ ತಿಳಿದಿದೆ. ತಮ್ಮ ನೋವನ್ನು ತಮ್ಮ ಮಾತಿನಲ್ಲೇ ದೇವರ ಮುಂದಿಡಲು ಆ ಜನರಿಗೆ ಒಂದು ಸ್ಥಳ ಸಿಕ್ಕಿತು. 1990ರ ದಶಕದ ಹೊತ್ತಿಗೆ ನೂರಕ್ಕೆ ತೊಂಬತ್ತರಷ್ಟು ಮಂದಿ ಕಥೋಲಿಕರಾಗಿದ್ದರು.

1991ರ ಅಕ್ಟೋಬರ್ 28ರಂದು ದಿಲಿಯ ಮೊತಾಯೆಲ್ ದೇವಾಲಯದ ಬಳಿ ಸೆಬಾಸ್ಟಿಯಾವ್ ಗೋಮೆಸ್ ಎಂಬ ಯುವಕನ ಕೊಲೆಯಾಯಿತು. ಎರಡು ವಾರಗಳ ನಂತರ, ನವೆಂಬರ್ 12ರಂದು, ಬಲಿಪೂಜೆ ಮುಗಿಸಿ ಸಾವಿರಾರು ಜನ ಅವನ ಸಮಾಧಿಗೆ ಹೂವಿಡಲು ಸಾಂತಾ ಕ್ರೂಜ್ ಸ್ಮಶಾನಕ್ಕೆ ಮೆರವಣಿಗೆಯಲ್ಲಿ ನಡೆದರು. ಸೈನಿಕರು ಗುಂಡು ಹಾರಿಸಿದರು. 250ಕ್ಕೂ ಹೆಚ್ಚು ಮಂದಿ ಮಡಿದರೆಂದು ಅಂದಾಜು. ಮ್ಯಾಕ್ಸ್ ಸ್ಟಾಲ್ ಎಂಬ ಪತ್ರಕರ್ತ ತಾನು ಚಿತ್ರಿಸಿದ ಟೇಪನ್ನು ಅಲ್ಲೇ ಒಂದು ಸಮಾಧಿಯಲ್ಲಿ ಬಚ್ಚಿಟ್ಟು ಉಳಿಸಿದ. ಸಮಾಧಿಯಿಂದ ಹೊರಬಂದ ಆ ಸತ್ಯ ಲೋಕದ ಕಣ್ಣು ತೆರೆಸಿತು.

1999ರ ಆಗಸ್ಟ್ 30ರ ಜನಮತಗಣನೆಯಲ್ಲಿ ಶೇ. 78.5 ಮಂದಿ ಸ್ವಾತಂತ್ರ್ಯ ಬಯಸಿದರು. ಸೇಡಿನ ಬೆಂಕಿ ಹೊತ್ತಿತು. ಸುವಾಯ್ ಪಟ್ಟಣದ ದೇವಾಲಯದಲ್ಲಿ ಆಶ್ರಯ ಪಡೆದಿದ್ದ ಜನರನ್ನೂ ಮೂವರು ಗುರುಗಳನ್ನೂ ಸೆಪ್ಟೆಂಬರ್ 6ರಂದು ಕೊಂದರು. ಕೊನೆಗೆ 2002ರ ಮೇ 20ರಂದು ನಾಡು ಸ್ವತಂತ್ರವಾಯಿತು.

ಸ್ವಾತಂತ್ರ್ಯವೇನೋ ಬಂತು. ಆದರೆ ಮನೆ ಸುಟ್ಟ ನೆರೆಯವನೊಂದಿಗೆ ಬಾಳುವುದು ಹೇಗೆ? ಸತ್ಯ ಆಯೋಗವು ಅಲ್ಲಿಯ ಹಳೆಯ ಪದ್ಧತಿಯೊಂದನ್ನು ಬಳಸಿತು. ಊರ ನಡುವೆ ದೊಡ್ಡ ಚಾಪೆ ಹಾಸುವುದು. ತಪ್ಪು ಮಾಡಿದವನು, ನೊಂದವರು, ಹಿರಿಯರು ಅದರ ಮೇಲೆ ಕೂರುವುದು. ತಪ್ಪಿತಸ್ಥ ಎಲ್ಲರೆದುರು ಸತ್ಯ ನುಡಿದು, ಕ್ಷಮೆ ಬೇಡಿ, ಊರಿನ ಕೆಲಸ ಮಾಡಿಯೋ ಪರಿಹಾರ ಕೊಟ್ಟೋ ತೀರಿಸಬೇಕು. ಹೀಗೆ 1,300ಕ್ಕೂ ಹೆಚ್ಚು ಮಂದಿ ತಮ್ಮ ಊರಿಗೆ ಮರಳಿ ಸೇರಿದರು. ಕೊಲೆ, ಅತ್ಯಾಚಾರಗಳಿಗೆ ಈ ಚಾಪೆಯಲ್ಲಿ ಜಾಗವಿರಲಿಲ್ಲ. ಅವು ನ್ಯಾಯಾಲಯಕ್ಕೆ ಸೇರಿದ್ದವು. ಆದರೆ ಮೇಲಿನ ಅನೇಕ ಆರೋಪಿಗಳು ಅಲ್ಲಿಗೆ ಬರಲೇ ಇಲ್ಲ.

ಸತ್ಯದ ಈ ಚಾಪೆ ಧರ್ಮಸಭೆಗೂ ಬೇಕು. ಆ ಜನರ ಪರ ದನಿಯೆತ್ತಿ 1996ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಹಂಚಿಕೊಂಡ ಧರ್ಮಾಧ್ಯಕ್ಷ ಬೆಲೊ ಅವರ ಮೇಲೆ ಬಾಲಕರ ಲೈಂಗಿಕ ಶೋಷಣೆಯ ಆರೋಪಗಳು ಬಂದವು. 2020ರಲ್ಲೇ ಅವರಿಗೆ ನಿರ್ಬಂಧ ಹೇರಿದ್ದಾಗಿ 2022ರಲ್ಲಿ ವ್ಯಾಟಿಕನ್ ತಿಳಿಸಿತು. ಹೇಳಲು ನೋವಾಗುತ್ತದೆ. ಆದರೆ ಮುಚ್ಚಿಟ್ಟ ಗಾಯ ಮಾಯುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ತಾಸಿತೋಲುವಿನಲ್ಲಿ ಅರ್ಪಿಸಿದ ಬಲಿಪೂಜೆಗೆ ಸುಮಾರು ಆರು ಲಕ್ಷ ಜನ ಸೇರಿದರು. ನಾಡಿನ ಅರ್ಧದಷ್ಟು ಜನ! ಆ ವಿಶ್ವಾಸ ಯಾವ ಒಬ್ಬ ಮನುಷ್ಯನ ಮೇಲೂ ನಿಂತಿರಲಿಲ್ಲ. ಶಿಲುಬೆಯ ಕ್ರಿಸ್ತನ ಮೇಲೆ ನಿಂತಿತ್ತು.

ಪ್ರಿಯರೇ, ಒಂದೇ ತಾಯಿಯ ಸಮಾಧಿಗೆ ಅಣ್ಣ ಬೆಳಿಗ್ಗೆ, ತಮ್ಮ ಸಂಜೆ ಬೇರೆ ಬೇರೆಯಾಗಿ ಹೂವಿಡುವ ಮನೆಗಳು ನಮ್ಮಲ್ಲೂ ಇವೆ. ಹೊಲದ ಬದುವಿನ ಜಗಳ, ಆಡಿದ ಒಂದು ಮಾತು, ವರ್ಷಗಟ್ಟಲೆ ಮೌನ. ಮನೆ ಸುಟ್ಟವನೊಂದಿಗೆ ಕೂರಲು ತಿಮೋರ್‌ನ ಬಡವರಿಗೆ ಸಾಧ್ಯವಾದರೆ ನಮಗೇಕೆ ಆಗದು? ಈ ಸಲ ಸ್ಮಶಾನಕ್ಕೆ ಹೊರಡುವ ಮುನ್ನ ಮನೆಯಲ್ಲಿ ಒಂದು ಚಾಪೆ ಹಾಸೋಣ. ಮೊದಲು ಸತ್ಯ, ಆಮೇಲೆ ಕ್ಷಮೆ, ನಂತರ ಹೂವು.