ಪೈಪೋಟಿ ಹಚ್ಚಿದ ದೀಪ

ಅಮೆರಿಕದ ಜನಜೀವನವನ್ನು ಕುರಿತು ಮಾತನಾಡುವವರು ಸ್ಪರ್ಧೆಯ ವಿಷಯವನ್ನು ಎತ್ತದೆ ಇರುವುದು ಅಪರೂಪ. ಆ ನಾಡಿನ ಏಳಿಗೆಗೆ ಸ್ಪರ್ಧೆಯೇ ಮೂಲವೆಂದು ಕೆಲವರು ಹೊಗಳುತ್ತಾರೆ. ಅಲ್ಲಿಯ ನಿಷ್ಠುರತೆಗೂ ಅದೇ ಮೂಲವೆಂದು ಕೆಲವರು ತೆಗಳುತ್ತಾರೆ. ನಾನು ಸಾಹಿತ್ಯವನ್ನು ಓದಿ, ಓದಿಸಿ ನಿವೃತ್ತನಾದವನು. ಅರ್ಥಶಾಸ್ತ್ರದ ಸೂತ್ರಗಳಿಗಿಂತ ಮನುಷ್ಯರ ಕಥೆಗಳಲ್ಲಿ ನನಗೆ ಹೆಚ್ಚು ನಂಬಿಕೆ. ಆದಕಾರಣ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ನಡೆದ ಒಂದು ಪೈಪೋಟಿಯ ಕಥೆಯನ್ನೇ ಇಲ್ಲಿ ಪರಿಶೀಲಿಸುತ್ತೇನೆ.

1882ರ ಸೆಪ್ಟೆಂಬರಿನಲ್ಲಿ ಥಾಮಸ್ ಆಲ್ವಾ ಎಡಿಸನ್ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುದಾಗಾರವೊಂದನ್ನು ಆರಂಭಿಸಿ ಸುತ್ತಲಿನ ಕಟ್ಟಡಗಳಿಗೆ ಬೆಳಕು ಕೊಟ್ಟನು. ಅವನದು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ವಿದ್ಯುತ್ತು. ಸುಮಾರು ಒಂದು ಮೈಲಿಗಿಂತ ದೂರಕ್ಕೆ ಅದನ್ನು ಒಯ್ಯಬೇಕಾದರೆ ತಾಮ್ರದ ತಂತಿಗೇ ಅಪಾರ ಹಣ ಬೇಕಾಗುತ್ತಿತ್ತು. ರೈಲಿನ ಗಾಳಿ ಬ್ರೇಕಿನಿಂದ ಹೆಸರಾಗಿದ್ದ ಜಾರ್ಜ್ ವೆಸ್ಟಿಂಗ್‌ಹೌಸ್ ಈ ಕೊರತೆಯಲ್ಲಿ ತನ್ನ ಅವಕಾಶವನ್ನು ಕಂಡನು. ದಿಕ್ಕು ಬದಲಿಸುತ್ತ ಹರಿಯುವ ಎ.ಸಿ. ವಿದ್ಯುತ್ತಿನ ಒತ್ತಡವನ್ನು ಟ್ರಾನ್ಸ್‌ಫಾರ್ಮರಿನಿಂದ ಏರಿಸಿ, ತೆಳು ತಂತಿಯಲ್ಲಿ ಬಹುದೂರ ಕಳುಹಿಸಿ, ಮನೆಯ ಬಳಿ ಮತ್ತೆ ಇಳಿಸಬಹುದಾಗಿತ್ತು. ಅದರಿಂದ ತಿರುಗಬಲ್ಲ ಒಳ್ಳೆಯ ಮೋಟಾರು ಮಾತ್ರ ಇರಲಿಲ್ಲ. ಅಂಥ ಮೋಟಾರಿಗೆ 1888ರಲ್ಲಿ ಪೇಟೆಂಟು ಪಡೆದವನು ನಿಕೊಲಾ ಟೆಸ್ಲಾ. ಈ ಸರ್ಬಿಯನ್ ತರುಣ 1884ರಲ್ಲಿ ಯೂರೋಪಿನಿಂದ ಬಂದು, ಎಡಿಸನ್ನನ ಸಂಸ್ಥೆಯಲ್ಲಿಯೇ ಕೆಲಕಾಲ ದುಡಿದು ಹೊರಬಿದ್ದಿದ್ದನು.

ನಮ್ಮ ಭಾರತದ ಕಥೆಯಲ್ಲಿ ಕರ್ಣ ರಂಗಕ್ಕಿಳಿದಾಗ ಅವನ ಬಿಲ್ವಿದ್ಯೆಗಿಂತ ಕುಲದ ಪ್ರಶ್ನೆಯೇ ದೊಡ್ಡದಾಯಿತು. ವೆಸ್ಟಿಂಗ್‌ಹೌಸ್ ಟೆಸ್ಲಾನ ಕುಲವನ್ನು ನೋಡಲಿಲ್ಲ. ಅವನ ಪೇಟೆಂಟುಗಳನ್ನು ನೋಡಿದನು. ಅಮೆರಿಕದ ಸ್ಪರ್ಧೆಯ ಹಿರಿಮೆ ಇರುವುದು ಇಲ್ಲಿ. ಹಾಗೆಂದು ಆ ರಂಗದ ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಭಾವಿಸಲಾಗದು. ಅಲ್ಲಿಯ ಕಪ್ಪು ಜನರಿಗೆ ಅದು ಬಹುಮಟ್ಟಿಗೆ ಮುಚ್ಚಿಯೇ ಇತ್ತು.

ಪೈಪೋಟಿ ಕಾವೇರಿದಂತೆ ವಿವೇಕ ಮಸುಳಿತು. ಎ.ಸಿ. ವಿದ್ಯುತ್ತು ಪ್ರಾಣಾಪಾಯಕರವೆಂದು ತೋರಿಸಲು 1888ರಲ್ಲಿ ಎಡಿಸನ್ನನ ಪ್ರಯೋಗಾಲಯದಲ್ಲಿಯೇ ಮೂಕಪ್ರಾಣಿಗಳನ್ನು ಕೊಂದು ಪ್ರದರ್ಶಿಸಿದರು. 1890ರಲ್ಲಿ ನ್ಯೂಯಾರ್ಕ್ ರಾಜ್ಯವು ಅಪರಾಧಿಯೊಬ್ಬನನ್ನು ಮೊದಲ ಬಾರಿಗೆ ವಿದ್ಯುತ್ ಕುರ್ಚಿಯಲ್ಲಿ ಕೊಂದಾಗ, ವೆಸ್ಟಿಂಗ್‌ಹೌಸನ ವಿರೋಧವಿದ್ದರೂ ಅವನ ಯಂತ್ರವನ್ನೇ ಬಳಸಲಾಯಿತು.

ಆದರೆ ಕೊನೆಗೆ ತೀರ್ಪು ಕೊಟ್ಟದ್ದು ಪ್ರಚಾರವಲ್ಲ, ಕೆಲಸ. 1893ರ ಚಿಕಾಗೋ ವಿಶ್ವಮೇಳ ವೆಸ್ಟಿಂಗ್‌ಹೌಸನ ಎ.ಸಿ. ವಿದ್ಯುತ್ತಿನಿಂದ ಬೆಳಗಿತು. 1896ರ ನವೆಂಬರಿನಲ್ಲಿ ನಯಾಗರಾ ಜಲಪಾತದ ಶಕ್ತಿ ಇಪ್ಪತ್ತು ಮೈಲಿಗೂ ಆಚೆಯಿದ್ದ ಬಫಲೋ ನಗರವನ್ನು ಮುಟ್ಟಿತು.

ಹಾಗಾದರೆ ಗೆದ್ದವರು ಯಾರು? ಎಡಿಸನ್ನನ ಕಂಪನಿ 1892ರಲ್ಲಿ ಇನ್ನೊಂದರೊಡನೆ ಕೂಡಿ 'ಜನರಲ್ ಎಲೆಕ್ಟ್ರಿಕ್' ಆಯಿತು. ಹೊಸ ಹೆಸರಿನಲ್ಲಿ ಎಡಿಸನ್ನನಿಗೆ ಎಡೆಯಿರಲಿಲ್ಲ. ವೆಸ್ಟಿಂಗ್‌ಹೌಸ್ 1907ರ ಆರ್ಥಿಕ ಮುಗ್ಗಟ್ಟಿನ ತರುವಾಯ ತನ್ನ ವಿದ್ಯುತ್ ಕಂಪನಿಯ ಹಿಡಿತವನ್ನು ಕಳೆದುಕೊಂಡನು. ಟೆಸ್ಲಾ 1943ರಲ್ಲಿ ನ್ಯೂಯಾರ್ಕಿನ ಹೋಟೆಲು ಕೊಠಡಿಯೊಂದರಲ್ಲಿ ಒಂಟಿಯಾಗಿ ತೀರಿಕೊಂಡನು.

ಸೋತ ಪಕ್ಷದಿಂದ ಹುಟ್ಟಿದ ಜನರಲ್ ಎಲೆಕ್ಟ್ರಿಕ್ ಎ.ಸಿ. ವಿದ್ಯೆಯನ್ನೇ ಕೈಗೊಂಡಿತು. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು ಎ.ಸಿ. ವಿದ್ಯುತ್ತು, ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಅದೇ ಸಂಸ್ಥೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಆ ಬೆಳಕು ಬಂದಿತು.

ಸ್ಪರ್ಧೆ ಹೊಸತನ್ನು ಹುಟ್ಟಿಸುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದರೆ ಹುಟ್ಟಿದ ಫಲ ಸ್ಪರ್ಧಿಯ ಮನೆಯಲ್ಲಿಯೇ ಉಳಿಯುತ್ತದೆಂಬ ಭರವಸೆಯಿಲ್ಲ. ಎದುರಾಳಿಯಿಂದ ಕಲಿಯದ ಸ್ಪರ್ಧೆ ಬರಿಯ ಹಗೆಯಾಗುತ್ತದೆ. ಕಲಿತದ್ದು ವಿದ್ಯೆಯಾಗಿ ಲೋಕಕ್ಕೆ ಸಲ್ಲುತ್ತದೆ. ಎಡಿಸನ್ನನ ಹೆಸರಿನಲ್ಲಿ ಅಮೆರಿಕದ ಎಂಜಿನಿಯರುಗಳು ಸ್ಥಾಪಿಸಿದ ಪದಕ ಮುಂದೆ ವೆಸ್ಟಿಂಗ್‌ಹೌಸನಿಗೂ ಟೆಸ್ಲಾನಿಗೂ ಸಂದಿತು. ಇಡೀ ಪೈಪೋಟಿಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಸಂಗತಿ ಅದು.