ಕೋಣೆಯೇ ಹೆಣ್ಣಾದ ಬಗೆ

ಹೆಂಗಸು ಎಂಬರ್ಥದ ಜರ್ಮನ್ನಿನ ‘ಫ್ರೌವೆನ್‌ತ್ಸಿಮರ್’ ಎಂಬ ಪದದ ಬೇರು ಬಡಗಿಯ ಅಂಗಳದಲ್ಲಿದೆ. ‘ತ್ಸಿಮರ್’ ಎಂದರೆ ಮೊದಲು ಕಟ್ಟಡದ ಮರ. ಬಡಗಿಗೆ ಇಂದಿಗೂ ‘ತ್ಸಿಮರ್‌ಮಾನ್’ ಎನ್ನುತ್ತಾರೆ. ಮರದಿಂದ ಕಟ್ಟಿದ್ದಕ್ಕೂ ಅದೇ ಹೆಸರಾಗಿ, ಕೊನೆಗೆ ಕೋಣೆ ಎಂಬ ಅರ್ಥ ನಿಂತಿತು. ‘ಫ್ರೌ’ ಎಂಬುದೂ ಹಿಂದೆ ಎಲ್ಲ ಹೆಂಗಸರಿಗೆ ಸಲ್ಲುವ ಮಾತಲ್ಲ, ಕುಲೀನ ಒಡತಿಗೆ ಮೀಸಲು. ಇವೆರಡೂ ಕೂಡಿ 15ನೆಯ ಶತಮಾನದ ಅರಮನೆಗಳಲ್ಲಿ ರಾಣಿವಾಸದ ಹೆಸರಾದವು. ಬರಬರುತ್ತ ಅಲ್ಲಿದ್ದ ಒಡತಿಯ ಪರಿವಾರಕ್ಕೇ ಆ ಹೆಸರು ಅಂಟಿತು. ಗಂಡನನ್ನು ‘ನಮ್ಮ ಮನೆಯವರು’ ಎನ್ನುವ ನಾಡಿಗೆ ಈ ಜಿಗಿತ ಹೊಸದೇನಲ್ಲ.

ಆ ಕೋಣೆ ಬರೀ ಸೆರೆಯಾಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬೀಗ ಬೀಳುತ್ತಿತ್ತು, ಹಿರಿಯ ಮೇಲ್ವಿಚಾರಕಿಯ ಕಣ್ಣಿತ್ತು, ನಿಜ. ಆದರೆ ಸ್ಯಾಕ್ಸನಿಯ ಆನ್ನಾಳನ್ನು ನೋಡಿ. ಡೆನ್ಮಾರ್ಕಿನ ರಾಜಮನೆತನದಲ್ಲಿ 1532ರಲ್ಲಿ ಹುಟ್ಟಿದ ಈಕೆ 1548ರಲ್ಲಿ ಸ್ಯಾಕ್ಸನಿಯ ಡ್ಯೂಕ್ ಆಗಸ್ಟ್‌ನ ಕೈಹಿಡಿದಳು. ಹೆತ್ತ 15 ಮಕ್ಕಳಲ್ಲಿ ದೊಡ್ಡವರಾಗುವವರೆಗೆ ಬದುಕಿದ್ದು ನಾಲ್ವರೇ. ಅಂಥ ಸಂಕಟದ ನಡುವೆ ಆಕೆ ಬೇರುಗಳನ್ನೂ ಹೂಗಳನ್ನೂ ಭಟ್ಟಿ ಇಳಿಸಿ ಔಷಧ ಮಾಡಿದಳು. ಬಿಳಿ ಮತ್ತು ಹಳದಿ ಬಣ್ಣದ ಆಕೆಯ ‘ಅಕ್ವಾವಿಟ್’ ಎಂಬ ಭಟ್ಟಿಮದ್ದು ದೂರದ ಅರಮನೆಗಳಿಗೆ ಉಡುಗೊರೆಯಾಗಿ ಹೋಗುತ್ತಿತ್ತು. ಸಿರಿವಂತ ಮನೆತನಗಳು ತಮ್ಮ ಹೆಣ್ಣುಮಕ್ಕಳನ್ನು ಆಕೆಯ ಬಳಿಗೆ ಕಳಿಸುತ್ತಿದ್ದವು. ಹೊಲಿಗೆ, ಪ್ರಾರ್ಥನೆ, ನಡೆನುಡಿ ಕಲಿಸಿ, ಗಂಡು ಹುಡುಕುವ ಹೊಣೆಯನ್ನೂ ಆಕೆಯೇ ಹೊರುತ್ತಿದ್ದಳು. ಪತ್ರಗಳಂತೂ ಸಾವಿರಾರು. 1585ರಲ್ಲಿ ತೀರಿಕೊಂಡಳು. ಶಾಲೆ, ಔಷಧಾಲಯ, ರಾಜತಂತ್ರ ಮೂರನ್ನೂ ಒಳಗೊಂಡ ಇಂಥ ಬಾಳನ್ನು ಒಂದು ಕಾಲಕ್ಕೆ ಈ ಪದ ಹೊತ್ತಿತ್ತು ಎಂಬುದು ನನಗೆ ದೊಡ್ಡ ಸಂಗತಿ.

ಮುಂದೆ ಪದ ಅರಮನೆಯಿಂದ ಹೊರಬಿತ್ತು. 1641ರಿಂದ ಕವಿ ಹಾರ್ಸ್‌ಡೋರ್ಫರ್ ಪ್ರಕಟಿಸಿದ ‘ಫ್ರೌವೆನ್‌ತ್ಸಿಮರ್ ಗೆಸ್ಪ್ರೇಖ್‌ಸ್ಪೀಲೆ’ ಎಂಬ ಎಂಟು ಸಂಪುಟಗಳಲ್ಲಿ ಮೂವರು ಹೆಂಗಸರು, ಮೂವರು ಗಂಡಸರು ಸರಿಸಮನಾಗಿ ಕೂತು ಮಾತಿನ ಆಟವಾಡುತ್ತಾರೆ. ಅದೇ ಶತಮಾನದಲ್ಲಿ ಗುಂಪಿನ ಹೆಸರು ಒಬ್ಬೊಬ್ಬಳ ಹೆಸರೂ ಆಯಿತು. 1715ರಲ್ಲಿ ಲೈಪ್‌ಜಿಗ್‌ನಲ್ಲಿ ಅಚ್ಚಾದ ‘ಫ್ರೌವೆನ್‌ತ್ಸಿಮರ್ ಲೆಕ್ಸಿಕನ್’ ಅಡುಗೆಯ ಜೊತೆಗೆ ವಿದುಷಿಯರ ವಿವರವನ್ನೂ ಕೊಟ್ಟಿತು. ಆಗಲೂ ಪದಕ್ಕೆ ಗೌರವವಿತ್ತು. 19ನೆಯ ಶತಮಾನ ಸರಿದಂತೆ ಅದು ಹಗುರಾಯಿತು. ಇಂದು ಯಾರನ್ನಾದರೂ ಹಾಗೆ ಕರೆದರೆ ಬೈದಂತೆಯೇ.

ಗಂಡಸರಿಗೂ ಇಂಥದೇ ಪದವೊಂದಿದೆ: ‘ಬುರ್ಶೆ’. ವಿದ್ಯಾರ್ಥಿಗಳ ವಸತಿಗೃಹದ ಹೆಸರು ಮೊದಲು ಅಲ್ಲಿದ್ದವರ ಗುಂಪಿಗೆ, ಆಮೇಲೆ ಒಬ್ಬ ಹುಡುಗನಿಗೆ ಬಂತು. ದಾರಿ ಒಂದೇ. ಆದರೆ 1815ರಲ್ಲಿ ಯೇನಾ ನಗರದ ವಿದ್ಯಾರ್ಥಿಗಳು ತಮ್ಮ ಸಂಘಕ್ಕೆ ‘ಬುರ್ಶೆನ್‌ಶಾಫ್ಟ್’ ಎಂದು ಹೆಮ್ಮೆಯಿಂದಲೇ ಹೆಸರಿಟ್ಟುಕೊಂಡರು.